ಜ್ಞಾನಮ್ಮನ ಗೋಡೆ

"ಹಾರ್ನ್ ಮಾಡ್ಬೇಡ ಗುರು, ಬರ್ತಾರೆ," ಎಂದು ವ್ಯಾನಿನ ಡ್ರೈವರಿಗೆ ಹೇಳುತ್ತಲೇ ಶಶಿ ಭಾಗೀರಥಮ್ಮನ ಮನೆಯ ಗೇಟಿನ ಚಿಲಕ ತೆಗೆದು ಒಳಗೆ ಬಂದ. ಅವನು ತಟ್ಟುವ ಮೊದಲೇ ಬಾಗಿಲು ತೆರೆದಿತ್ತು. ಭಾಗೀರಥಮ್ಮ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಒಳಗೇ ನಿಂತಿದ್ದಳು.

"ಶನಿವಾರ ಕರ್ಕೊಂಡ್ ಬಾ ಅಂದಿದ್ರಲ್ಲಮ್ಮ," ಅಂದ ಶಶಿ. "ಕರ್ಕೊಂಡ್ ಬಂದಿದೀನಿ."

ಗೇಟಿನಾಚೆ ಚರ್ಚಿನ ಕಪ್ಪು ವ್ಯಾನು ನಿಂತಿತ್ತು. ಹಿಂದಿನ ಗಾಜಿನಲ್ಲಿ ಶವಪೆಟ್ಟಿಗೆಯ ಒಂದು ತುದಿ, ಅದರ ಮೇಲೆ ಬಿಳಿ ಸೇವಂತಿಗೆಯ ಹಾರ. ಒಳಗಿದ್ದವಳು ಜ್ಞಾನಮ್ಮ, ಮೂವತ್ತು ವರ್ಷ ಈ ಮನೆಯ ಗೋಡೆಯನ್ನೇ ಹಂಚಿಕೊಂಡ ಪಕ್ಕದ ಮನೆಯಲ್ಲಿ ಬಾಳಿದವಳು.

ಶಶಿ ಆಟೋ ಓಡಿಸುವವನು, ಚಾಮರಾಜಪೇಟೆಯ ಇದೇ ಅಡ್ಡರಸ್ತೆಯಲ್ಲಿ ಹುಟ್ಟಿ ಬೆಳೆದವನು. ಎಂದೂ ದನಿ ಎತ್ತಿ ಮಾತಾಡಿದವನಲ್ಲ, ಇವತ್ತೂ ಎತ್ತಲಿಲ್ಲ. ಎತ್ತಿದ್ದರೆ ಭಾಗೀರಥಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಒಳಗಿನಿಂದ ಮಗ ಮಧುಸೂದನ ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಬಂದ. ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ, ಬೆಳಿಗ್ಗೆ ಬೆಳಿಗ್ಗೆ ಬಾಗಿಲಲ್ಲಿ ಹೆಣದ ಗಾಡಿ ಕಂಡು ಅವನ ಮುಖ ಬಿಳಿಚಿಕೊಂಡಿತು.

"ಏನಿದು ಶಶಿ? ಯಾರನ್ನ ಕೇಳಿ ಇಲ್ಲಿಗೆ ತಂದೆ?"

"ನಿಮ್ಮಮ್ಮನ್ನೇ ಕೇಳಿ ಸಾರ್."

ಅಷ್ಟರಲ್ಲಿ ವ್ಯಾನಿನ ಮುಂದಿನ ಸೀಟಿನಿಂದ ಇಳಿದ ಹಿರಿಯರೊಬ್ಬರು ಗೇಟಿನವರೆಗೆ ಬಂದು ಕೈಮುಗಿದರು. ಚರ್ಚಿನ ಸಭಾಹಿರಿಯ ದೇವಯ್ಯನವರು. ಅವರ ಹಿಂದೆ ಎಳೆ ವಯಸ್ಸಿನ ಪಾಸ್ಟರು, ಬಿಳಿ ಸೀರೆಯ ಐದಾರು ಹೆಂಗಸರು.

"ತಪ್ಪು ತಿಳ್ಕೋಬೇಡಿ," ಅಂದರು ದೇವಯ್ಯ. "ನಮ್ಮಲ್ಲಿ ಸ್ಮಶಾನಕ್ಕೆ ಹೊರಡೋಕೆ ಮುಂಚೆ ತೀರಿಹೋದೋರ ಮನೇಲಿ ಒಂದು ಪ್ರಾರ್ಥನೆ ಮಾಡ್ತೀವಿ. ಅವಳು ಕೊನೇಲಿದ್ದ ಹಾಸ್ಟೆಲ್‌ನೋರು ನಮ್ಮಲ್ಲಿ ಬೇಡ ಅಂದ್ಬಿಟ್ರು. ಒಂದು ಮನೆ ಇದೆ, ಒಪ್ಕೊಂಡಿದಾರೆ ಅಂತ ಈ ಹುಡುಗ ಹೇಳ್ದ. ಅರ್ಧ ಗಂಟೆ ಅಷ್ಟೇ."

"ಒಪ್ಕೊಂಡೋರು ಯಾರು?" ಎಂದು ಮಧು ಅಮ್ಮನ ಕಡೆ ತಿರುಗಿದ. ಅವಳು ಕೈಯಲ್ಲಿದ್ದ ಹಾಲಿನ ಪಾತ್ರೆಯ ಕಡೆ ನೋಡಿದಳು. ಮಧು ದೇವಯ್ಯನವರ ಹತ್ತಿರ ಹೋಗಿ ದನಿ ತಗ್ಗಿಸಿದ. "ಸಾರ್, ನನ್ನ ಹೆಂಡತಿಗೆ ಏಳು ತಿಂಗಳು. ಒಳಗಡೆ ಇದಾಳೆ. ಇಂಥ ಹೊತ್ತಲ್ಲಿ ಹೆಣ ಮನೆಯೊಳಗೆ... ನಿಮಗೇ ಗೊತ್ತಲ್ಲ. ಜ್ಞಾನಮ್ಮ ಅಂದ್ರೆ ನಮಗೆಲ್ಲ ಗೌರವ. ಆದ್ರೆ ಆಗಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಿಟಕಿಯ ಪರದೆಯ ಹಿಂದೆ ಸೊಸೆ ದೀಪ್ತಿಯ ನೆರಳು ಕಾಣುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದವಳಂತೆ ಭಾಗೀರಥಮ್ಮ ನಿಂತಲ್ಲೇ ನಿಂತಳು.

*

ಜ್ಞಾನಮ್ಮ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಮಕ್ಕಳಿಲ್ಲದ ವಿಧವೆ, ಗಂಡಸಿನಷ್ಟು ಎತ್ತರ, ದೊಡ್ಡ ಅಂಗೈ. ಇದೇ ಬೀದಿಯ ರಾಮಾಂಜಿನಪ್ಪನ ಪುಟ್ಟ ಮನೆಗೆ ಬಾಡಿಗೆಗೆ ಬಂದ ಹೊಸದರಲ್ಲಿ ಬೀದಿಯವರಿಗೆ ಅವಳು ಬರೀ "ಕ್ರಿಶ್ಚಿಯನ್ ಆಯಾ". ಹೆಸರು ಬಾಯಿಗೆ ಬಂದದ್ದು ರಾಮಾಂಜಿನಪ್ಪನ ತಾಯಿ ಲಕ್ಷ್ಮೀದೇವಮ್ಮನಿಗೆ ಕೊನೆಗಾಲ ಬಂದಾಗ.

ಆಗ ಧನಿಷ್ಠಾ ಪಂಚಕ ನಡೆಯುತ್ತಿತ್ತು. ಧನಿಷ್ಠೆಯಿಂದ ರೇವತಿಯವರೆಗಿನ ಆ ಐದು ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ಜೀವ ಹೋದ ಮನೆಗೆ ದೋಷ. ಬೀಗ ಜಡಿದು ತಿಂಗಳುಗಟ್ಟಲೆ ಹೊರಗಿರಬೇಕು. ಹಾಗೆ ಹೊರಟವರಿಗೆ ಇನ್ನೊಬ್ಬರು ಬಾಡಿಗೆ ಮನೆ ಕೊಡುವುದಿಲ್ಲ. ಹುಟ್ಟಿದ ನಕ್ಷತ್ರ ನೋಡಿ ಹೆಣ್ಣು ಕೊಡುವ ಜನ ಸಾಯುವ ನಕ್ಷತ್ರ ನೋಡಿ ಮನೆ ಕೊಡುತ್ತಿದ್ದರು. ರಾಮಾಂಜಿನಪ್ಪನ ಮನೆಯಲ್ಲಿ ಮುದುಕಿಯನ್ನು ಕಾರಿನ ಷೆಡ್ಡಿನಲ್ಲಿ ಮಲಗಿಸುವುದೆಂದು ಮಾತಾಯಿತು. ಷೆಡ್ಡು ಗುಡಿಸುವ ಸದ್ದು ಕೇಳಿ ಜ್ಞಾನಮ್ಮ ಬಂದಳು.

"ಷೆಡ್ಡಲ್ಲಿ ಯಾಕೆ? ನನ್ನ ಮುಂದಿನ ರೂಮು ಖಾಲಿ ಇದೆಯಲ್ಲ, ಕರ್ಕೊಂಡ್ ಬನ್ನಿ."

"ನಿಂಗೆ ದೋಷ ಇಲ್ವೇನಮ್ಮ?" ಎಂದು ಯಾರೋ ಕೇಳಿದರು.

"ನಮ್ಮಪ್ಪ ಪಕ್ಕದ ಮನೆಯೋರನ್ನ ನೋಡ್ಕೋ ಅಂದಿದಾನೆ. ನಕ್ಷತ್ರ ನೋಡ್ಕೋ ಅಂದಿಲ್ಲ," ಅಂದಳು ಜ್ಞಾನಮ್ಮ. ತನ್ನ ದೇವರನ್ನು ಅವಳು ನಮ್ಮಪ್ಪ ಎಂದೇ ಕರೆಯುತ್ತಿದ್ದಳು.

ಲಕ್ಷ್ಮೀದೇವಮ್ಮ ಅವಳ ಕೈಯಲ್ಲಿ ಗಂಜಿ ಕುಡಿದು, ಅವಳ ಕೈಯಲ್ಲೇ ಮೈ ಒರೆಸಿಸಿಕೊಂಡು, ಬಾಗಿಲು ಮುಚ್ಚಿದ ಬೆಚ್ಚನೆ ಕೋಣೆಯಲ್ಲಿ ಹೋದಳು. ಅಲ್ಲಿಂದ ಶುರುವಾಯಿತು. ಪಂಚಕ ಬಂತೆಂದರೆ ಬೀದಿಯ ಯಾವುದೋ ಒಂದು ಮಂಚ ಜ್ಞಾನಮ್ಮನ ಮುಂದಿನ ಕೋಣೆಗೆ ಹೋಗುತ್ತಿತ್ತು. ಶಶಿಯ ತಾಯಿ ಹೋದದ್ದೂ ಅಲ್ಲೇ. ಬದುಕಿ ಎದ್ದು ಮನೆಗೆ ನಡೆದುಕೊಂಡು ಹೋದ ಇಬ್ಬರು ಮೂವರೂ ಉಂಟು. ಅವರಿಗೆ ಮಾತ್ರ ಆಮೇಲೆ ಅವಳ ಮುಖ ನೋಡಲು ಸಂಕೋಚ.

ಆ ಕೋಣೆಯ ಒಳಗೋಡೆಯಲ್ಲಿ ಒಂದೇ ಒಂದು ಮೊಳೆ ಇತ್ತು. ಜ್ಞಾನಮ್ಮ ತನ್ನ ಎತ್ತರಕ್ಕೆ ಹೊಡೆದುಕೊಂಡಿದ್ದ ಮೊಳೆ, ಅದರಲ್ಲಿ ಅವಳ ಮರದ ಶಿಲುಬೆ. ಯಾರಾದರೂ ಮಲಗಲು ಬಂದರೆ ಅವಳು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಇಳಿಸುವುದು. ಬಂದವರ ಮನೆಯಿಂದ ಅವರವರ ದೇವರ ಪಟ ತರಿಸಿ ಆ ಮೊಳೆಗೆ ಹಾಕುತ್ತಿದ್ದಳು, ಕಣ್ಣು ಬಿಟ್ಟರೆ ಎದುರಿಗೆ ಕಾಣಲಿ ಎಂದು. ಶಿಲುಬೆ ಅಷ್ಟು ದಿನವೂ ಮೂಲೆಯ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿರುತ್ತಿತ್ತು.

ಇದು ಚರ್ಚಿನವರ ಕಿವಿಗೂ ಬಿತ್ತು. ಒಂದು ಸಂಜೆ ದೇವಯ್ಯನವರು ಬಂದು ಮೊಳೆಯಲ್ಲಿದ್ದ ಮುನೇಶ್ವರನನ್ನೂ ಸ್ಟೂಲಿನ ಮೇಲಿದ್ದ ಶಿಲುಬೆಯನ್ನೂ ನೋಡಿ ಸಿಟ್ಟಿಗೆದ್ದಿದ್ದರು. ಪಕ್ಕದ ಮನೆಯ ಭಾಗೀರಥಮ್ಮನಿಗೂ ಕೇಳುವಷ್ಟು ಜೋರಾಗಿ ಕೂಗಿದ್ದರು. ಜ್ಞಾನಮ್ಮನ ಉತ್ತರವೂ ಕೇಳಿಸಿತ್ತು.

"ಮೊಳೆ ಅಂದ್ರೆ ನಮ್ಮಪ್ಪನಿಗೆ ಹೊಸದಾ ಅಯ್ಯಾ? ನಾಲ್ಕು ದಿನ ಕೆಳಗಿಳಿದು ಕೂತ್ಕೊಂಡ್ರೆ ಅವನಿಗೂ ಸುಸ್ತು ಕಳೀತದೆ."

ಅಂದಿನಿಂದ ಚರ್ಚಿನವರು ಅವಳ ಮನೆಯಲ್ಲಿ ಪ್ರಾರ್ಥನೆ ಕೂಟ ಇಡುವುದನ್ನು ಬಿಟ್ಟರು. ಬೀದಿಯವರು ಅವಳನ್ನು ಮದುವೆ ಮುಂಜಿಗೆ ಕರೆಯುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದರು, ಸಾವಿನ ಮನೆಯವಳು ಎಂದು. ಊರ ಉಪಕಾರ ಹೆಣದ ಸಿಂಗಾರ ಅನ್ನುತ್ತಾರಲ್ಲ. ಜ್ಞಾನಮ್ಮ ಆ ಗಾದೆಯನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ಎರಡೂ ಮಾಡಿದಳು.

*

ಭಾಗೀರಥಮ್ಮನ ಗಂಡ ಶೀನಣ್ಣನ ಸರದಿ ಬಂದಾಗ ಅವರಿಗೆ ಪೂರ್ತಿ ಪ್ರಜ್ಞೆ ಇತ್ತು. ಅದೇ ದೊಡ್ಡ ಕಷ್ಟ. ಮಂಚ ಎತ್ತಿದಾಗ ಅವರು ಹೆಂಡತಿಯ ಸೆರಗು ಹಿಡಿದುಕೊಂಡರು.

"ಎಲ್ಲಿಗೆ ಭಾಗೂ?"

"ಇಲ್ಲೇ. ಗಾಳಿ ಚೆನ್ನಾಗಿ ಬರತ್ತೆ," ಎಂದಳು. ಮಧು ಮಂಚದ ಆ ತುದಿಯಲ್ಲಿ ತಲೆ ತಗ್ಗಿಸಿ ನಡೆದ.

ಪಕ್ಕದ ಮನೆಯ ಹೊಸ್ತಿಲು ದಾಟಿದ್ದು ಅವರಿಗೆ ತಿಳಿಯಿತು. ಪಂಚಾಂಗ ನೋಡುವುದನ್ನು ಹೆಂಡತಿಗೆ ಕಲಿಸಿದವರೇ ಅವರು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಜ್ಞಾನಮ್ಮ ಮಗ್ಗುಲು ಬದಲಿಸುವಾಗ ಕೇಳಿದರು, "ಇದು ನಮ್ಮನೆ ಅಲ್ಲ, ಅಲ್ವೇನಮ್ಮ?"

ಭಾಗೀರಥಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಜ್ಞಾನಮ್ಮ ಸುಳ್ಳು ಹೇಳುವವಳಲ್ಲ.

ಜ್ಞಾನಮ್ಮ ಅವರ ಕೈಯನ್ನು ಎತ್ತಿ ಗೋಡೆಗೆ ಮುಟ್ಟಿಸಿದಳು. "ಗೋಡೆ ನಿಮ್ಮದೇ ಶೀನಣ್ಣನೋರೆ. ಎರಡು ಮನೆಗೂ ಒಂದೇ ಗೋಡೆ, ನಿಮ್ಮ ತಂದೆಯೋರು ಕಟ್ಸಿದ್ದು. ಆ ಕಡೆ ನಿಮ್ಮ ದೇವರಮನೆ. ನೋಡಿ, ನಿಮ್ಮ ವೆಂಕಟರಮಣ ಇಲ್ಲೇ ಮೊಳೆ ಮೇಲಿದಾನೆ. ನೀವು ಎಲ್ಲೂ ಹೋಗಿಲ್ಲ."

ಶೀನಣ್ಣ ಅಂಗೈಯನ್ನು ಗೋಡೆಯಿಂದ ತೆಗೆಯಲೇ ಇಲ್ಲ. ಆ ಸಂಜೆ ಹಾಗೇ ಹೋದರು. ಮನೆಗೆ ಬೀಗ ಬೀಳಲಿಲ್ಲ.

*

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ರಾಮಾಂಜಿನಪ್ಪ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸುತ್ತೇನೆಂದ. ಕೆಟ್ಟವನೇನಲ್ಲ, ಸಾಮಾನು ಸಾಗಿಸಲು ತನ್ನ ಟೆಂಪೋವನ್ನೇ ಕೊಟ್ಟ. ಜ್ಞಾನಮ್ಮ ವೈಯಾಲಿಕಾವಲ್‌ನ ಹೆಂಗಸರ ಹಾಸ್ಟೆಲೊಂದರಲ್ಲಿ ಒಂದು ಮಂಚಕ್ಕೆ ಹೋದಳು. ಹೋಗುವ ದಿನ ಟವೆಲಿನಲ್ಲಿ ಸುತ್ತಿದ ಶಿಲುಬೆಯನ್ನು ತಂದು ಭಾಗೀರಥಮ್ಮನ ಕೈಗೆ ಕೊಟ್ಟಳು.

"ಅಲ್ಲಿ ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ವಂತೆ ಭಾಗೀರಥಮ್ಮ. ನಿಮ್ಮಲ್ಲಿರ್ಲಿ. ಬಂದು ತಗೋತೀನಿ."

ಭಾಗೀರಥಮ್ಮ ಅದನ್ನು ಬಚ್ಚಲಮನೆಯ ಅಟ್ಟದ ಮೇಲೆ, ಹಳೆಯ ಹಂಡೆಯ ಹಿಂದೆ ಇಟ್ಟಳು. ಅದಕ್ಕಿಂತ ಒಳಗೆ ತರಲು ಮನಸ್ಸು ಬರಲಿಲ್ಲ.

ಮೊನ್ನೆ ಬುಧವಾರ ಶಶಿ ಗೇಟಿನ ಹತ್ತಿರ ಆಟೋ ನಿಲ್ಲಿಸಿ ಒಳಗೆ ಬಂದಿದ್ದ. ಜ್ಞಾನಮ್ಮನ ಲಿವರ್ ಪೂರ್ತಿ ಹೋಗಿದೆ, ಇನ್ನು ನಮ್ಮ ಕೈಲಿ ಆಗಲ್ಲ, ಮನೆಗೆ ಕರ್ಕೊಂಡು ಹೋಗಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹಾಸ್ಟೆಲ್‌ನವರು ಮಂಚವನ್ನು ಆಗಲೇ ಬೇರೆಯವರಿಗೆ ಕೊಟ್ಟಿದ್ದರು.

"ಭಾಗೀರಥಮ್ಮನ ವರಾಂಡ ಆದ್ರೂ ಸಾಕು, ಒಂದ್ಸಲ ಕೇಳು ಅಂದ್ರಮ್ಮ," ಎಂದ ಶಶಿ. "ಜಾಸ್ತಿ ದಿನ ಇರಲ್ಲಂತೆ."

ಭಾಗೀರಥಮ್ಮ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವ ಯೋಚನೆಯೂ ಅವಳಿಗೆ ಬರಲಿಲ್ಲ. ಬಾ ಎನ್ನುವ ಮೊದಲು ಕೈ ತಾನಾಗಿ ಮೊಳೆಗೆ ತೂಗುಹಾಕಿದ್ದ ಪಂಚಾಂಗಕ್ಕೆ ಹೋಯಿತು, ಅಷ್ಟೇ. ಪೂರ್ವಾಭಾದ್ರೆ. ನಾಳೆ ಉತ್ತರಾಭಾದ್ರೆ, ನಾಡಿದ್ದು ರೇವತಿ. ಮನೆಯಲ್ಲಿ ಬಸುರಿ ಸೊಸೆ. ಬಾಗಿಲಿಗೆ ಬೀಗ ಬಿದ್ದರೆ ಹೆರಿಗೆ ಎಲ್ಲಿ, ಬಾಣಂತನ ಎಲ್ಲಿ?

"ಶನಿವಾರ ಬೆಳಿಗ್ಗೆ ಕರ್ಕೊಂಡ್ ಬಂದ್ಬಿಡು ಶಶಿ. ಎರಡು ದಿನ ಕಳೀಲಿ. ಮಧುಗೆ ನಾನು ಹೇಳ್ತೀನಿ."

ಶಶಿ ಅವಳನ್ನೇ ನೋಡಿದ. ಫೋನು ತೆಗೆದು ಆಸ್ಪತ್ರೆಗೆ ಮಾಡಿ, ಜ್ಞಾನಮ್ಮನ ಕಿವಿಗೆ ಹಿಡಿಸಿ, ಶನಿವಾರ ಅಂತೆ ಎಂದ. ಆ ಕಡೆಯ ಮಾತು ಭಾಗೀರಥಮ್ಮನಿಗೂ ಸಣ್ಣಗೆ ಕೇಳಿಸಿತು.

"ಪಂಚಕ ಇರ್ಬೇಕು ಕಣೋ. ಪಾಪ, ಹೆದರ್ಕೊಂಡಿರ್ತಾರೆ. ಕಾಯ್ತೀನಿ ಅಂತ ಹೇಳು."

ಮಧುಗೆ ಭಾಗೀರಥಮ್ಮ ಏನೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಶುಕ್ರವಾರ ಸಂಜೆ ಜ್ಞಾನಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ, ಹೋಗುವವರು ಬರುವವರು ತಳ್ಳಿಕೊಂಡು ಹೋಗುವ ಸ್ಟ್ರೆಚರಿನ ಮೇಲೆ, ಶಶಿ ಟೀ ತರಲು ಹೋದಾಗ ತೀರಿಕೊಂಡಳು.

ಸುದ್ದಿ ಬಂದ ಮೇಲೆ ಭಾಗೀರಥಮ್ಮ ಮತ್ತೆ ಪಂಚಾಂಗ ಬಿಚ್ಚಿ ನೋಡಿದ್ದಳು. ರೇವತಿ ಮುಗಿದದ್ದು ಶುಕ್ರವಾರ ಮಧ್ಯಾಹ್ನಕ್ಕೆ. ಒಂದು ರಾತ್ರಿ ಹೆಚ್ಚಿಗೇ ಇರಲಿ ಎಂದು ಅವಳೇ ಶನಿವಾರ ಅಂದಿದ್ದಳು. ಶುಕ್ರವಾರ ಮಧ್ಯಾಹ್ನವೇ ಕರೆಸಿಕೊಂಡಿದ್ದರೆ ಜ್ಞಾನಮ್ಮ ಈ ವರಾಂಡದಲ್ಲೇ ಕಣ್ಣು ಮುಚ್ಚುತ್ತಿದ್ದಳು, ಯಾವ ದೋಷವೂ ಇರುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

*

"ಒಳಗೆ ತನ್ನಿ," ಎಂದಳು ಭಾಗೀರಥಮ್ಮ.

"ಅಮ್ಮಾ!"

"ನಾನು ಹೇಳಿದ್ದು ಮಧು. ಬಾ ಅಂತ ನಾನೇ ಹೇಳಿದ್ದು. ಹೇಳಿದ ದಿನವೇ ಬಂದಿದಾಳೆ."

"ನಿನ್ನ ಮೊಮ್ಮಗುವಿಗಿಂತ ಹೆಚ್ಚಾ ಇದು?" ಮಧು ಬಾಗಿಲಿಗೆ ಅಡ್ಡ ನಿಂತ. "ಬೇಕಾದ್ರೆ ನನ್ನ ಬೈಯಿ. ಒಳಗೆ ಮಾತ್ರ ಬೇಡ."

ಭಾಗೀರಥಮ್ಮ ಬಾಗಿಲನ್ನು ನೋಡಿದಳು, ಮಗನನ್ನು ನೋಡಿದಳು. ಅವನನ್ನು ತಳ್ಳುವ ಶಕ್ತಿ ಅವಳ ತೋಳಿನಲ್ಲಿ ಇರಲಿಲ್ಲ. ಇದ್ದಿದ್ದರೂ ತಳ್ಳುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ.

"ಬಿಡಿ ತಾಯಿ," ಅಂದರು ದೇವಯ್ಯ. "ರಸ್ತೇಲೇ ಮಾಡ್ತೀವಿ. ನಾವೂ ಅವಳ ಮನೆಗೆ ಹೋಗಿ ಬಹಳ ವರ್ಷ ಆಗಿತ್ತು."

ಆಗ ಪಕ್ಕದ ನಿವೇಶನದ ಸುತ್ತ ಕಟ್ಟಿದ್ದ ನೀಲಿ ತಗಡು ಕಿರ್ರೆಂದಿತು. ರಾಮಾಂಜಿನಪ್ಪ ಒಳಗಿನಿಂದ ಒಂದು ತಗಡನ್ನು ಎಳೆದು ಸಂದು ಮಾಡುತ್ತಿದ್ದ. ಪಾಯ ಅಗೆಯಲು ಕರೆಸಿದ್ದ ಜೆಸಿಬಿ ಅವನ ಹಿಂದೆ ನಿಂತಿತ್ತು.

"ಇಲ್ಲಿಗೆ ತನ್ನಿ," ಅಂದ, ಯಾರ ಮುಖವನ್ನೂ ನೋಡದೆ. "ನಮ್ಮವ್ವ ಹೋದ ಜಾಗ. ನೆಲ ಇನ್ನೂ ಅಗೆದಿಲ್ಲ."

ಮನೆ ಇರಲಿಲ್ಲ. ಚಾವಣಿ, ಬಾಗಿಲು, ಮೂರು ಗೋಡೆ ಎಲ್ಲವನ್ನೂ ಲಾರಿಯಲ್ಲಿ ಸಾಗಿಸಿ ಆಗಿತ್ತು. ಉಳಿದದ್ದು ಕೆಂಪು ಗಾರೆಯ ನೆಲ ಮತ್ತು ಭಾಗೀರಥಮ್ಮನ ಮನೆಗೆ ಸೇರಿದ ಆ ಒಂದು ಗೋಡೆ. ಗೋಡೆಯ ಮೇಲೆ ಜ್ಞಾನಮ್ಮನ ಮುಂದಿನ ಕೋಣೆಯ ತಿಳಿನೀಲಿ ಬಣ್ಣ ಹಾಗೇ ಇತ್ತು. ಎತ್ತರದಲ್ಲಿ ಆ ಮೊಳೆ, ಅದರ ಕೆಳಗೆ ಎಷ್ಟೋ ಪಟಗಳು ತೂಗಿದ್ದ ಬಿಳಿಚು ಗುರುತು. ಬುಡದಲ್ಲಿ, ವರ್ಷಗಟ್ಟಲೆ ಮಂಚಗಳು ನಿಂತು ನಿಂತು ನೆಲದಲ್ಲಿ ನಾಲ್ಕು ಕಾಲಿನ ಕುಳಿ ಬಿದ್ದಿತ್ತು.

ಪೆಟ್ಟಿಗೆಯನ್ನು ಆ ಕುಳಿಗಳ ನಡುವೆಯೇ ಇಳಿಸಿದರು. ಶಶಿ ತಲೆಯ ಕಡೆ ಹಿಡಿದಿದ್ದ. ಮುಚ್ಚಳ ತೆಗೆದಾಗ ಭಾಗೀರಥಮ್ಮ ತಗಡಿನ ಸಂದಿನಲ್ಲಿ ನಿಂತು ನೋಡಿದಳು. ಅಷ್ಟೆತ್ತರದ ಹೆಂಗಸು ಎಷ್ಟು ಕುಗ್ಗಿಹೋಗಿದ್ದಳು! ಕೆನ್ನೆ ಒಳಗೆ ಹೋಗಿತ್ತು. ಕೈಗಳು ಮಾತ್ರ ಮೊದಲಿನಷ್ಟೇ ದೊಡ್ಡವಾಗಿ ಎದೆಯ ಮೇಲೆ ಒಂದರ ಮೇಲೊಂದು ಇದ್ದವು. ಭಾಗೀರಥಮ್ಮನಿಗೆ ಬಿಕ್ಕು ಬಂತು. ತಡೆಯಲಿಲ್ಲ, ಬೀದಿಯವರ ಎದುರಿಗೇ ಅತ್ತಳು.

ಅತ್ತು ಮುಗಿಯುವ ಮೊದಲೇ ಏನೋ ನೆನಪಾದವಳಂತೆ ಹಿತ್ತಿಲಿಗೆ ಹೋದಳು. ಬಚ್ಚಲ ಅಟ್ಟಕ್ಕೆ ಸ್ಟೂಲು ಹಾಕಿ ಹತ್ತಿ, ಹಂಡೆ ಸರಿಸಿ, ಟವೆಲಿನ ಗಂಟು ತೆಗೆದುಕೊಂಡು ಬಂದಳು. ಮಡಿಸೀರೆಯಲ್ಲೇ ಇಟ್ಟಿಗೆ ಚೂರು ತುಳಿದುಕೊಂಡು ಗೋಡೆಯ ಹತ್ತಿರ ಹೋಗಿ ಶಿಲುಬೆಯನ್ನು ಎತ್ತಿದಳು. ಮೊಳೆ ಸಿಗಲಿಲ್ಲ. ತುದಿಗಾಲಲ್ಲಿ ನಿಂತರೂ ಒಂದು ಗೇಣು ಮೇಲೆಯೇ ಉಳಿಯಿತು.

ದೇವಯ್ಯನವರು ಹಿಂದಿನಿಂದ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಮೊಳೆಗೆ ಹಾಕಿದರು. ಹಾಕಿದ ಮೇಲೂ ಸ್ವಲ್ಪ ಹೊತ್ತು ಗೋಡೆಗೆ ಕೈ ಊರಿ ನಿಂತರು. ಪಾಸ್ಟರು ಪ್ರಾರ್ಥನೆ ಶುರುಮಾಡಿದರು. ಹೆಂಗಸರು ಒಂದು ಕೀರ್ತನೆ ಹಾಡಿದರು. ಚಾವಣಿ ಇಲ್ಲದ್ದರಿಂದ ಹಾಡು ಅಲ್ಲಿ ನಿಲ್ಲಲಿಲ್ಲ, ಮಾಳಿಗೆಗಳ ಮೇಲೆ ನಿಂತು ನೋಡುತ್ತಿದ್ದವರೆಲ್ಲರಿಗೂ ಕೇಳಿಸಿತು. ಕೆಳಗಿಳಿದು ಬಂದವರು ಕಡಿಮೆ. ಮೇಲೆಯೇ ನಿಂತಿದ್ದ ಪ್ರತಿಯೊಬ್ಬರ ಮನೆಯಿಂದಲೂ ಒಂದು ಮಂಚ ಈ ನೆಲಕ್ಕೆ ಬಂದು ಹೋಗಿತ್ತು.

ವ್ಯಾನು ಹೊಸೂರು ರಸ್ತೆಯ ಸ್ಮಶಾನಕ್ಕೆ ಹೊರಟಿತು. ಶಶಿ ಹೊರಡುವಾಗ ಭಾಗೀರಥಮ್ಮನ ಕಡೆ ತಿರುಗಿ ನೋಡಲಿಲ್ಲ.

"ಅಮ್ಮಾ, ಹಿತ್ತಿಲ ಕಡೆಯಿಂದ ಬಾ," ಎಂದು ಮಧು ತಗಡಿನ ಸಂದಿನಿಂದ ಕರೆದ. ಅವನ ಸಿಟ್ಟು ಇಳಿದಿತ್ತು. "ನೀರು ಕಾದಿದೆ. ಸ್ನಾನ ಮಾಡೋವರೆಗೂ ದೀಪ್ತಿ ಎದುರಿಗೆ ಹೋಗ್ಬೇಡ."

ಜೆಸಿಬಿಯವನು ಮೇಲಿನಿಂದ ಬಗ್ಗಿ ಶಿಲುಬೆ ತೋರಿಸಿದ. "ಅಮ್ಮೋ, ಅದನ್ನ ಇಳಿಸ್ಕೊಂಡ್ಬಿಡಿ. ಗೋಡೆ ಅದುರತ್ತೆ."

"ಗೋಡೆ ನಮ್ಮದು," ಎಂದಳು ಭಾಗೀರಥಮ್ಮ. "ಅದು ಅಲ್ಲೇ ಇರ್ಲಿ."

"ಏನಮ್ಮಾ ನೀನು," ಎಂದು ಮಧು ಒಳಗೆ ಬಂದು ಅವಳ ತೋಳು ಹಿಡಿದ. ಮೆಲ್ಲಗೇ ಹಿಡಿದ. ಅವಳು ಅವನ ಮುಖ ನೋಡಿದಳು.

"ಮಧು, ನನಗೆ ಪಂಚಕದಲ್ಲಿ ಕೊನೆಗಾಲ ಬಂದ್ರೆ ಎಲ್ಲಿ ಮಲಗಿಸ್ತೀಯಪ್ಪ?"

"ಎಂಥ ಮಾತಮ್ಮ ಇದು! ನಿಂಗೇನಾಗಿದೆ ಈಗ?"

ಬಾಯಿ ಹಾಗೆಂದಿತು. ಕಣ್ಣು ಮಾತ್ರ, ಅವನನ್ನು ಕೇಳದೆಯೇ, ಗೋಡೆಯ ಬುಡಕ್ಕೆ, ಅಪ್ಪನ ಮಂಚವನ್ನು ತಾನೇ ಹೊತ್ತು ತಂದು ಇಳಿಸಿದ್ದ ಮೂಲೆಗೆ ಹೋಯಿತು. ಭಾಗೀರಥಮ್ಮ ಅದನ್ನು ನೋಡಿದಳು. ಮಗನ ಕೈ ಹಿಡಿದುಕೊಂಡು ತಗಡಿನ ಕಡೆ ನಡೆದಳು.

ಅವರು ಹೊರಗೆ ಬರುವುದನ್ನೇ ಕಾಯುತ್ತಿದ್ದ ಜೆಸಿಬಿಯವನು ಎಂಜಿನ್ ಚಾಲೂ ಮಾಡಿದ. ಮೊಳೆಯ ಮೇಲೆ ಶಿಲುಬೆ ಒಮ್ಮೆ ಅಲುಗಾಡಿ ನಿಂತಿತು. ಬಕೆಟ್ಟಿನ ಹಲ್ಲುಗಳು ಇಳಿದು, ನಾಲ್ಕು ಕುಳಿಗಳಿದ್ದ ಆ ಕೆಂಪು ನೆಲವನ್ನು ಮೊದಲು ಎತ್ತಿಕೊಂಡವು.